ನೀರಿಗೂ ದಾರಿ ಬೇಕು
ಎಲೆ, ಹುತ್ತ, ಪುಪ್ಪುಸಗಳಿಂದ ರಂಧ್ರಮಯ ವಸ್ತುಗಳ ವಿನ್ಯಾಸಕ್ಕೆ ದೊರೆತ ಪಾಠ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ವಿಜ್ಞಾನ ಲೇಖನವನ್ನು ಬರೆದುಕೊಡಬೇಕೆಂದು ಸಮಿತಿಯ ಮಿತ್ರರು ಕೇಳಿದಾಗ ನನಗೆ ಸಂತೋಷವೂ ಸಂಕೋಚವೂ ಒಟ್ಟಿಗೇ ಆದವು. ರಾಸಾಯನಿಕ ಎಂಜಿನಿಯರಾಗಿ ದುಡಿದು ನಿವೃತ್ತನಾದ ನನಗೆ ವಿಷಯಕ್ಕೆ ಬರವಿಲ್ಲ. ಆದರೆ ಆ ವಿಷಯವನ್ನು ನಾನು ಕಲಿತದ್ದು, ಬಳಸಿದ್ದು ಎಲ್ಲವೂ ಇಂಗ್ಲಿಷಿನಲ್ಲಿ. ಅಕ್ಷರ ಕಲಿಸಿದ ಶಾಲೆಯ ಹಬ್ಬದಲ್ಲಿ ಅದನ್ನು ಕನ್ನಡದಲ್ಲಿ ಹೇಳಲಾರೆನೆಂದರೆ ಕಲಿತದ್ದು ಅರ್ಧವೇ ಸರಿ. ಆದ್ದರಿಂದ ಈ ಪ್ರಯತ್ನ.

ನಾನು ಬರೆಯಹೊರಟಿರುವುದು ರಂಧ್ರಗಳ ಬಗ್ಗೆ. ನಗಬೇಡಿ. ಪೆಟ್ರೋಲು, ಗೊಬ್ಬರ, ಔಷಧಿಗಳನ್ನು ತಯಾರಿಸುವ ಕಾರ್ಖಾನೆಗಳ ಒಳಗುಟ್ಟೆಲ್ಲ ಬಹುಮಟ್ಟಿಗೆ ಕಣ್ಣಿಗೆ ಕಾಣದ ರಂಧ್ರಗಳಲ್ಲಿ ಅಡಗಿದೆ. ಅಂತಹ ರಂಧ್ರಗಳನ್ನು ಹೇಗೆ ಜೋಡಿಸಬೇಕೆಂಬುದನ್ನು ವಿಜ್ಞಾನಿಗಳು ಇಂದು ಎಲೆಯಿಂದ, ಹುತ್ತದಿಂದ, ನಮ್ಮದೇ ಪುಪ್ಪುಸದಿಂದ ಕಲಿಯುತ್ತಿದ್ದಾರೆ.

ಈ ಪಾಠದ ಮೊದಲ ಸಾಲು ನನಗೆ ದೊರೆತದ್ದು ಈ ಶಾಲೆಯ ತರಗತಿಯಲ್ಲಿ. ಒಂದು ಬೇಸಿಗೆಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಎರಡು ಮಡಕೆಗಳನ್ನು ತಂದಿಟ್ಟರು, ಒಂದು ಹೊಸದು, ಇನ್ನೊಂದು ನಾಲ್ಕಾರು ವರ್ಷ ಬಳಸಿದ್ದು. ಎರಡರಲ್ಲೂ ಅದೇ ಬಾವಿಯ ನೀರು. ಮಧ್ಯಾಹ್ನದ ಹೊತ್ತಿಗೆ ಹೊಸ ಮಡಕೆಯ ನೀರು ತಣ್ಣಗಾಗಿತ್ತು, ಹಳೆಯದರ ನೀರು ಹಾಗೆಯೇ ಇತ್ತು. “ಏಕೆ ಹೇಳಿರೋ” ಎಂದರು. ಯಾರಿಗೂ ತಿಳಿಯಲಿಲ್ಲ. ಮಡಕೆಯ ಮೈಯಲ್ಲಿ ಸಣ್ಣ ರಂಧ್ರಗಳಿವೆ. ಅವುಗಳಿಂದ ನೀರು ಹೊರಗೆ ಜಿನುಗಿ ಆವಿಯಾಗುತ್ತದೆ. ಆವಿಯಾಗುವಾಗ ಒಳಗಿನ ನೀರಿನಿಂದ ಶಾಖವನ್ನು ಕೊಂಡೊಯ್ಯುತ್ತದೆ. ನಮ್ಮ ಗಡಸು ನೀರಿನ ಉಪ್ಪು ವರ್ಷಗಟ್ಟಲೆ ಕೂತು ಹಳೆಯ ಮಡಕೆಯ ರಂಧ್ರಗಳನ್ನು ಮುಚ್ಚಿತ್ತು. “ಮಣ್ಣು ಅದೇ, ಆಕಾರ ಅದೇ. ದಾರಿ ಮುಚ್ಚಿತು, ಕೆಲಸ ನಿಂತಿತು” ಎಂದು ಮೇಷ್ಟ್ರು ಹೇಳಿದ್ದನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಅರ್ಥವಾಗಲು ಹತ್ತಿಪ್ಪತ್ತು ವರ್ಷಗಳೇ ಬೇಕಾದವು.

ಒಂದು ಸೋಲಿನ ಕಥೆ

ನಮ್ಮ ಸೀಮೆಯ ನೀರಿನ ವಿಷಯ ಓದುಗರಿಗೆ ಹೊಸತಲ್ಲ. ವರ್ಷಕ್ಕೆ ಸರಾಸರಿ ಸುಮಾರು ೫೫೦ ಮಿಲಿಮೀಟರು ಮಳೆ ಬೀಳುವ ನೆಲ ಇದು. ಕೆಳಗಿರುವುದು ಬೆಣಚು, ಬೂದುಕಲ್ಲಿನ ಗಟ್ಟಿ ಬಂಡೆ. ಆ ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಕೆಲವು ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಕೊಳವೆಬಾವಿ ಆಳಕ್ಕೆ ಇಳಿದಂತೆಲ್ಲ ಅಂತಹ ನೀರೇ ಮೇಲೆ ಬರತೊಡಗಿತು. ನಮ್ಮ ದೇಶದಲ್ಲಿ ಫ್ಲೋರೋಸಿಸ್ ರೋಗವನ್ನು ವೈದ್ಯರು ಮೊದಲು ಗುರುತಿಸಿ ವರದಿ ಮಾಡಿದ್ದು ೧೯೩೭ರಲ್ಲಿ, ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ. ಲೀಟರಿಗೆ ೧ ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಇಲ್ಲವೇ ಇಲ್ಲ ಎಂದಾಗ ೧.೫ ಮಿಲಿಗ್ರಾಂವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಅದಕ್ಕಿಂತ ಹೆಚ್ಚಾದರೆ ಮೊದಲು ಮಕ್ಕಳ ಹಲ್ಲಿನಲ್ಲಿ ಕಂದು ಗೆರೆ, ಆಮೇಲೆ ದೊಡ್ಡವರ ಕೀಲು ಬೆನ್ನುಗಳಲ್ಲಿ ಬಿಗಿತ.

ನನ್ನ ಅಕ್ಕನನ್ನು ರಾಯದುರ್ಗದ ಕಡೆಯ ಒಂದು ಹಳ್ಳಿಗೆ ಕೊಟ್ಟಿತ್ತು. ೧೯೯೩ರ ಬೇಸಿಗೆಯಲ್ಲಿ ನಾನು ಅಲ್ಲಿಗೆ ಹೋದಾಗ ಅವರ ಕೊಳವೆಬಾವಿಯ ನೀರನ್ನು ಪರೀಕ್ಷಿಸಿಸಿದೆ; ಲೀಟರಿಗೆ ಸುಮಾರು ೩ ಮಿಲಿಗ್ರಾಂ ಫ್ಲೋರೈಡು. ಅಕ್ಕನ ಮಗಳಿಗೆ ಆಗ ನಾಲ್ಕು ವರ್ಷ. ಕಾಯಂ ಹಲ್ಲುಗಳ ಹೊದಿಕೆ ದವಡೆಯೊಳಗೆ ರೂಪುಗೊಳ್ಳುವ ವಯಸ್ಸು ಅದು. ನಾನು ಎಂಜಿನಿಯರು, ಸುಮ್ಮನಿರಬಹುದೇ? ಸಕ್ರಿಯ ಅಲ್ಯುಮಿನಾ ಎಂಬ ಬಿಳಿಯ ಹರಳು ಫ್ಲೋರೈಡನ್ನು ತನ್ನ ಮೈಗೆ ಹಿಡಿದುಕೊಳ್ಳುತ್ತದೆಂದು ಓದಿದ್ದೆ. ಮೇಲ್ಮೈ ಹೆಚ್ಚಿದಷ್ಟೂ ಹಿಡಿತ ಹೆಚ್ಚು, ನುಣ್ಣಗೆ ಅರೆದಷ್ಟೂ ಮೇಲ್ಮೈ ಹೆಚ್ಚು ಎಂಬ ತರ್ಕದಲ್ಲಿ ಹರಳುಗಳನ್ನು ಹಿಟ್ಟಿನಂತೆ ಬೀಸಿಸಿ, ಒಂದು ಉಕ್ಕಿನ ಡ್ರಮ್ಮಿಗೆ ತುಂಬಿ, ಕೆಳಗೊಂದು ನಲ್ಲಿ ಜೋಡಿಸಿ ಬೀಗುತ್ತ ಊರಿಗೆ ಹಿಂತಿರುಗಿದೆ.

ಮೊದಲ ದಿನ ನೀರು ಹನಿಹನಿಯಾಗಿ ಬಂತಂತೆ. ಎರಡನೆಯ ದಿನ ಅದೂ ನಿಂತಿತು. ಭಾವನವರು ಡ್ರಮ್ಮನ್ನು ತಟ್ಟಿ ಅಲುಗಾಡಿಸಿದರು. ಆಗ ನೀರು ಸರಾಗವಾಗಿ ಇಳಿಯತೊಡಗಿತು. ಎಲ್ಲರೂ ಸರಿಹೋಯಿತೆಂದುಕೊಂಡರು. ಮೂರು ತಿಂಗಳ ನಂತರ ನಾನು ಬಂದು ನೋಡಿದರೆ ಹಿಟ್ಟು ಗಟ್ಟಿ ಮುದ್ದೆಯಾಗಿ ಕೂತು, ಡ್ರಮ್ಮಿನ ಗೋಡೆಯ ಅಂಚಿನಲ್ಲಿ ಬಿರುಕು ಬಿಟ್ಟಿತ್ತು. ನೀರೆಲ್ಲ ಆ ಬಿರುಕಿನಲ್ಲಿ ಓಡಿಬರುತ್ತಿತ್ತು. ಪರೀಕ್ಷಿಸಿದರೆ ಫ್ಲೋರೈಡು ಹೆಚ್ಚುಕಡಿಮೆ ಮೊದಲಿನಷ್ಟೇ. ಮಗು ಮೂರು ತಿಂಗಳು ಕುಡಿದದ್ದು ಅದೇ ನೀರು. ಅದೂ ಶುದ್ಧವಾಯಿತೆಂಬ ನಂಬಿಕೆಯಲ್ಲಿ. ಮೊದಲಾಗಿದ್ದರೆ ಅಕ್ಕ ದೂರದ ಸಿಹಿನೀರಿನ ಬಾವಿಯಿಂದ ದಿನಕ್ಕೊಂದು ಕೊಡವನ್ನಾದರೂ ತರುತ್ತಿದ್ದಳು. ನನ್ನ ಮಾತು ನಂಬಿ ಅದನ್ನೂ ಬಿಟ್ಟಿದ್ದಳು.

ಅಕ್ಕ ಬೈಯಲಿಲ್ಲ. ಡ್ರಮ್ಮಿನೊಳಗೆ ಇಣುಕಿ ನೋಡಿ, “ನೀರಿಗೂ ದಾರಿ ಬೇಕಲ್ಲೋ ತಮ್ಮಾ. ನೀನು ಗೋಡೆ ಕಟ್ಟಿಟ್ಟಿದ್ದೀಯ” ಎಂದಳು. ನನ್ನ ವೃತ್ತಿಯ ಅತಿ ಮುಖ್ಯವಾದ ವಾಕ್ಯವನ್ನು ನಾನು ಕೇಳಿದ್ದು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ಅಕ್ಕನ ಬಾಯಿಂದ. ಇನ್ನು ಆ ವಾಕ್ಯವನ್ನು ವಿವರಿಸುತ್ತೇನೆ.

ಒಂದು ಗ್ರಾಮಿನಲ್ಲಿ ಎಷ್ಟು ನೆಲ?

ನಮ್ಮವರೆಲ್ಲ ಬೆಳೆಯುವ ಕಡಲೆಕಾಯಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಸಿಪ್ಪೆಯನ್ನು ಗಾಳಿಯಾಡದ ಪಾತ್ರೆಯಲ್ಲಿ ಕಾಯಿಸಿದರೆ ಇದ್ದಲಾಗುತ್ತದೆ. ಆ ಇದ್ದಲಿನ ಮೇಲೆ ೮೦೦ ಡಿಗ್ರಿ ಸೆಲ್ಸಿಯಸ್ಸಿಗೂ ಮೇಲ್ಪಟ್ಟ ಶಾಖದಲ್ಲಿ ನೀರಾವಿಯನ್ನು ಹಾಯಿಸಿದರೆ ಒಳಗೆಲ್ಲ ಅಸಂಖ್ಯ ಸೂಕ್ಷ್ಮ ರಂಧ್ರಗಳು ತೆರೆದುಕೊಳ್ಳುತ್ತವೆ. ಇದೇ ಸಕ್ರಿಯ ಇದ್ದಲು. ತೆಂಗಿನ ಚಿಪ್ಪಿನಿಂದಲೂ ಹೀಗೆಯೇ ಮಾಡುತ್ತಾರೆ. ಒಳ್ಳೆಯ ಸಕ್ರಿಯ ಇದ್ದಲಿನ ಒಂದು ಗ್ರಾಮಿನಲ್ಲಿ ರಂಧ್ರಗಳ ಒಳಗೋಡೆಗಳ ವಿಸ್ತೀರ್ಣವನ್ನೆಲ್ಲ ಹರಡಿದರೆ ಸುಮಾರು ೧,೦೦೦ ಚದರ ಮೀಟರು ಆಗುತ್ತದೆ. ಎಂದರೆ ನಾಲ್ಕು ಗ್ರಾಮಿಗೆ ಒಂದು ಎಕರೆ! ಹತ್ತು ಎಕರೆ ಖುಷ್ಕಿ ಜಮೀನಿರುವ ರೈತನ ಹೊಲವೆಲ್ಲ ಒಂದು ಹಿಡಿ ಇದ್ದಲಿನಲ್ಲಿ ಅಡಗುತ್ತದೆ.

ಇಷ್ಟು ವಿಸ್ತೀರ್ಣ ಏಕೆ ಬೇಕು? ದ್ರವದಲ್ಲೋ ಅನಿಲದಲ್ಲೋ ಇರುವ ಅಣುಗಳು ಘನವಸ್ತುವಿನ ಮೈಗೆ ಅಂಟಿಕೊಳ್ಳುವುದಕ್ಕೆ ಅಧಿಶೋಷಣೆ ಎಂದು ಹೆಸರು. ಮೈ ಹೆಚ್ಚಿದ್ದಷ್ಟೂ ಅಂಟಲು ಜಾಗ ಹೆಚ್ಚು. ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಕ್ರಿಯಾವರ್ಧಕಗಳೂ ಬಹುಪಾಲು ಹೀಗೆಯೇ ತಮ್ಮ ಮೈಯ ಮೇಲೆ ಕೆಲಸ ಮಾಡುತ್ತವೆ.

ರಂಧ್ರಗಳನ್ನು ಅವುಗಳ ಅಗಲಕ್ಕನುಸಾರವಾಗಿ ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ ಒಂದು ನ್ಯಾನೋಮೀಟರು. ೨ ನ್ಯಾನೋಮೀಟರಿಗಿಂತ ಕಿರಿದಾದವು ಸೂಕ್ಷ್ಮ ರಂಧ್ರಗಳು. ೨ರಿಂದ ೫೦ರವರೆಗಿನವು ಮಧ್ಯಮ ರಂಧ್ರಗಳು. ಅದಕ್ಕೂ ಮೇಲಿನವು ಬೃಹತ್ ರಂಧ್ರಗಳು. ವಿಸ್ತೀರ್ಣವೆಲ್ಲ ಬಹುತೇಕ ಕಿರಿಯ ರಂಧ್ರಗಳಲ್ಲಿದೆ. ಹಿರಿಯ ರಂಧ್ರಗಳಿಂದ ದೊರೆಯುವ ವಿಸ್ತೀರ್ಣ ಅಲ್ಪ, ಆದರೆ ದಾರಿ ಅವುಗಳದೇ.

ನನ್ನ ಮೊದಲ ತಪ್ಪು ಈಗ ಸ್ಪಷ್ಟವಾಗುತ್ತದೆ. ಸಕ್ರಿಯ ಅಲ್ಯುಮಿನಾದ ಒಂದು ಗ್ರಾಮಿನಲ್ಲಿ ಸಾಮಾನ್ಯವಾಗಿ ೨೦೦ರಿಂದ ೩೦೦ ಚದರ ಮೀಟರು ವಿಸ್ತೀರ್ಣವಿರುತ್ತದೆ. ಅದೆಲ್ಲ ಹರಳಿನ ಒಳಗೆ. ಒಂದು ಮಿಲಿಮೀಟರು ಅಗಲದ ಹರಳಿನ ಹೊರಮೈಯನ್ನಷ್ಟೇ ಲೆಕ್ಕ ಹಾಕಿದರೆ ಗ್ರಾಮಿಗೆ ಒಂದು ಚದರ ಮೀಟರಿನ ಇನ್ನೂರನೆಯ ಒಂದು ಭಾಗ. ಅದನ್ನು ಹತ್ತು ಪಟ್ಟು ಸಣ್ಣಗೆ ಅರೆದರೆ ಇಪ್ಪತ್ತನೆಯ ಒಂದು ಭಾಗ. ಇನ್ನೂರೈವತ್ತು ಚದರ ಮೀಟರು ಆಗಲೇ ಇರುವ ಕಡೆ ನಾನು ಬೀಸುವ ಕಲ್ಲಿನಿಂದ ಸೇರಿಸಿದ್ದು ಲೆಕ್ಕಕ್ಕೇ ಬಾರದಷ್ಟು.

ಎರಡು ವರ್ಗಗಳ ಜಗಳ

ಹಾಗಾದರೆ ಅರೆಯುವುದರಿಂದ ಪ್ರಯೋಜನವೇ ಇಲ್ಲವೇ? ಇದೆ, ಆದರೆ ಬೇರೆ ಬಗೆಯದು. ರಂಧ್ರದೊಳಗೆ ನೀರು ಹರಿಯುವುದಿಲ್ಲ, ನಿಂತಿರುತ್ತದೆ. ನಿಂತ ನೀರಿನಲ್ಲಿ ಅಣುಗಳು ಜಾತ್ರೆಯ ಜನರಂತೆ ಅತ್ತಿತ್ತ ತಳ್ಳಿಸಿಕೊಳ್ಳುತ್ತ ಸಾಗುತ್ತವೆ. ಇದಕ್ಕೆ ವಿಸರಣೆ ಎನ್ನುತ್ತೇವೆ. ಹೀಗೆ ಸಾಗಲು ಹಿಡಿಯುವ ಕಾಲ ದೂರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ನೀರಿನಲ್ಲಿ ಒಂದು ಸಣ್ಣ ಅಣು ಮಿಲಿಮೀಟರಿನ ಹತ್ತನೆಯ ಒಂದು ಭಾಗವನ್ನು ಎರಡು ಮೂರು ಸೆಕೆಂಡಿನಲ್ಲಿ ದಾಟಿದರೆ, ಒಂದು ಮಿಲಿಮೀಟರಿಗೆ ನಾಲ್ಕು ನಿಮಿಷ, ಒಂದು ಸೆಂಟಿಮೀಟರಿಗೆ ಸುಮಾರು ಏಳು ಗಂಟೆ ಬೇಕು. ಕಿರಿದಾದ ಅಂಕುಡೊಂಕು ರಂಧ್ರಗಳಲ್ಲಿ ಇನ್ನೂ ಹೆಚ್ಚು. ಆದ್ದರಿಂದ ಹರಳು ದೊಡ್ಡದಾದರೆ ಒಳಗಿನ ನೆಲ ಬೀಳು ಬೀಳುತ್ತದೆ. ಹೊರಗಿನ ತೊಗಟೆಯಷ್ಟೇ ಕೆಲಸ ಮಾಡುತ್ತದೆ. ಅಮೆರಿಕದ ಅರ್ನೆಸ್ಟ್ ಥೀಲೆ ಎಂಬ ಎಂಜಿನಿಯರು ೧೯೩೯ರಲ್ಲಿ ಇದನ್ನು ಗಣಿತಕ್ಕೆ ಇಳಿಸಿದರು. ಕ್ರಿಯೆಯ ವೇಗವನ್ನೂ ವಿಸರಣೆಯ ವೇಗವನ್ನೂ ಹೋಲಿಸುವ ಅವರ ಹೆಸರಿನ ಸಂಖ್ಯೆಯನ್ನು ರಾಸಾಯನಿಕ ಎಂಜಿನಿಯರಿಂಗಿನ ಪ್ರತಿಯೊಬ್ಬ ವಿದ್ಯಾರ್ಥಿಯೂ ಇಂದಿಗೂ ಕಲಿಯುತ್ತಾನೆ.

ಹರಳನ್ನು ಹತ್ತು ಪಟ್ಟು ಸಣ್ಣದು ಮಾಡಿದರೆ ಒಳಗೆ ಹೊಗುವ ಕಾಲ ನೂರು ಪಟ್ಟು ಇಳಿಯುತ್ತದೆ. ಇದು ಲಾಭ. ಆದರೆ ಹರಳು ಹರಳಿನ ನಡುವಣ ಸಂದುಗಳೂ ಹತ್ತು ಪಟ್ಟು ಕಿರಿದಾಗುತ್ತವೆ. ಅವುಗಳಲ್ಲಿ ನೀರು ಹರಿಯುವುದಕ್ಕೆ ತಡೆ ನೂರು ಪಟ್ಟು ಏರುತ್ತದೆ. ಒಂದು ಕಡೆ ಗಳಿಸಿದ್ದನ್ನು ಇನ್ನೊಂದು ಕಡೆ ಅಷ್ಟೇ ಕಳೆದುಕೊಂಡಂತಾಯಿತು. ದಾರಿ ಸಿಗದ ನೀರು ನನ್ನ ಡ್ರಮ್ಮಿನಲ್ಲಿ ಕಳ್ಳದಾರಿ ಹುಡುಕಿಕೊಂಡಿತು. ಇದೇ ಎರಡು ವರ್ಗಗಳ ಜಗಳ. ಕೇವಲ ಸಣ್ಣದು ಮಾಡುವುದರಿಂದ ಇದು ಬಗೆಹರಿಯುವುದಿಲ್ಲ. ದೂರಕ್ಕೆ ಅಗಲವಾದ ದಾರಿ, ಕೊನೆಯಲ್ಲಿ ಮಾತ್ರ ಕಿರಿದಾದ ಓಣಿ, ಇವೆರಡೂ ಒಂದೇ ವಸ್ತುವಿನಲ್ಲಿ ಬೇಕು. ಈ ಜಗಳವನ್ನು ನಿಸರ್ಗ ಕೋಟ್ಯಂತರ ವರ್ಷಗಳ ಹಿಂದೆಯೇ ಬಗೆಹರಿಸಿದೆ.

ಪುಪ್ಪುಸ, ಎಲೆ, ಹುತ್ತ

ನಮ್ಮ ಶ್ವಾಸನಾಳ ಎದೆಯೊಳಗೆ ಇಳಿದು ಎರಡಾಗಿ, ಎರಡು ನಾಲ್ಕಾಗಿ, ಹೀಗೆ ಸುಮಾರು ಇಪ್ಪತ್ತಮೂರು ಸಲ ಕವಲೊಡೆಯುತ್ತದೆ. ಮೊದಲ ಹದಿನೈದು ಹದಿನಾರು ಕವಲುಗಳವರೆಗೆ ಗಾಳಿ ಹರಿಯುತ್ತದೆ. ಆಮೇಲೆ ಕವಲುಗಳ ಸಂಖ್ಯೆ ಎಷ್ಟು ಹೆಚ್ಚುತ್ತದೆಂದರೆ ಹರಿವು ನಿಂತಂತಾಗಿ ಆಮ್ಲಜನಕ ವಿಸರಣೆಯಿಂದಲೇ ಮುಂದೆ ಸಾಗುತ್ತದೆ. ಆಗ ಉಳಿದಿರುವ ದೂರ ಅತ್ಯಲ್ಪ. ಕೊನೆಯಲ್ಲಿ ಮೂವತ್ತು ಕೋಟಿಗೂ ಹೆಚ್ಚು ಗಾಳಿಗೂಡುಗಳು. ಅವುಗಳ ಒಟ್ಟು ಮೈ ೭೦ ಚದರ ಮೀಟರು ಅಥವಾ ಅದಕ್ಕೂ ಹೆಚ್ಚು. ದೂರಕ್ಕೆ ಹರಿವು, ಹತ್ತಿರಕ್ಕೆ ವಿಸರಣೆ. ಒಂದು ಮುಗಿದಲ್ಲಿ ಇನ್ನೊಂದು ಆರಂಭ. ಇದು ಪುಪ್ಪುಸದ ಮರ್ಮ.

ಕವಲುಗಳ ಅಗಲಕ್ಕೂ ಒಂದು ಲೆಕ್ಕವಿದೆ. ರಕ್ತನಾಳ ಅಗಲವಾದರೆ ಅದನ್ನು ತುಂಬುವ ರಕ್ತವನ್ನು ಸಾಕುವ ಖರ್ಚು ಹೆಚ್ಚು. ಕಿರಿದಾದರೆ ತಳ್ಳುವ ಶ್ರಮ ಹೆಚ್ಚು. ಎರಡನ್ನೂ ತೂಗಿ ನೋಡಿದ ಸೆಸಿಲ್ ಮರ್ರೆ ಎಂಬ ವಿಜ್ಞಾನಿ ೧೯೨೬ರಲ್ಲಿ ಒಂದು ನಿಯಮವನ್ನು ಕಂಡುಕೊಂಡರು: ತಾಯಿ ನಾಳದ ತ್ರಿಜ್ಯದ ಘನವು ಮರಿನಾಳಗಳ ತ್ರಿಜ್ಯಗಳ ಘನಗಳ ಮೊತ್ತಕ್ಕೆ ಸಮ. ೧೦ ಮಿಲಿಮೀಟರಿನ ನಾಳ ಎರಡು ಸಮಭಾಗವಾದರೆ ಮರಿಗಳು ೫ ಮಿಲಿಮೀಟರಿನವಲ್ಲ, ಸುಮಾರು ೭.೯ ಮಿಲಿಮೀಟರಿನವು. ಮಕ್ಕಳು ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು.

ಎಲೆಯ ವಿಷಯಕ್ಕೆ ಬರೋಣ. ಅರಳಿ ಎಲೆಯನ್ನು ವಾರಗಟ್ಟಲೆ ನೀರಿನಲ್ಲಿ ಕೊಳೆಹಾಕಿ, ಹಸುರನ್ನು ತೊಳೆದು, ಬಲೆಯಂತೆ ಉಳಿದ ನರಗಳನ್ನು ಪುಸ್ತಕದ ಹಾಳೆಗಳ ನಡುವೆ ಇಟ್ಟುಕೊಳ್ಳುತ್ತಿದ್ದೆವಲ್ಲ, ಅದನ್ನು ನೆನಪಿಸಿಕೊಳ್ಳಿ. ನಡುವೆ ದಪ್ಪ ನರ, ಅದರಿಂದ ಪಕ್ಕೆಯ ನರಗಳು, ಅವುಗಳಿಂದ ಎಳೆಗಳು, ಕೊನೆಗೆ ಕೂದಲಿಗಿಂತ ತೆಳುವಾದ ಜಾಲ. ಯಾವ ಜೀವಕೋಶವೂ ನೀರಿನ ನರದಿಂದ ಬಹಳ ದೂರದಲ್ಲಿಲ್ಲ. ಗಿಡಬಳ್ಳಿಗಳ ನೀರಿನ ಕೊಳವೆಗಳು ಮರ್ರೆಯ ನಿಯಮವನ್ನು ಪಾಲಿಸುತ್ತವೆಯೇ ಎಂಬುದನ್ನು ಅಮೆರಿಕದ ಸಸ್ಯವಿಜ್ಞಾನಿಗಳು ೨೦೦೩ರಲ್ಲಿ ಪರಿಶೀಲಿಸಿದರು. ಕೊಳವೆಗಳಿಗೆ ನೀರು ಸಾಗಿಸುವುದಷ್ಟೇ ಕೆಲಸವಾಗಿರುವ ಎಲೆ, ಬಳ್ಳಿಗಳಲ್ಲಿ ನಿಯಮ ಹೊಂದುತ್ತದೆ. ಅವು ಗಿಡದ ಭಾರವನ್ನೂ ಹೊರಬೇಕಾದ ಕಡೆ ಹೊಂದುವುದಿಲ್ಲ. ಎರಡು ಕೆಲಸ ಹೊತ್ತವನು ಒಂದರಲ್ಲಿ ಒಂದಿಷ್ಟು ರಾಜಿಯಾಗಬೇಕೆಂಬುದು ಅಲ್ಲಿಯೂ ಸತ್ಯ.

ಹುತ್ತ ಇನ್ನೂ ಸೋಜಿಗದ್ದು. ನಮ್ಮ ಹೊಲದ ಬದುಗಳಲ್ಲಿ ಕಾಣುವ ಜಾತಿಯ ಗೆದ್ದಲು ಹುತ್ತಗಳನ್ನೇ ಎಲ್. ಮಹಾದೇವನ್ ಮತ್ತು ಅವರ ಸಂಗಡಿಗರು ಬೆಂಗಳೂರಿನಲ್ಲಿ ಅಧ್ಯಯನ ಮಾಡಿ ೨೦೧೫ರಲ್ಲಿ ಪ್ರಕಟಿಸಿದರು. ಈ ಹುತ್ತದ ಹೊರಗೋಡೆಯಲ್ಲಿ ಕಣ್ಣಿಗೆ ಕಾಣುವ ಕಿಂಡಿಗಳಿಲ್ಲ. ಆದರೂ ಒಳಗಿನ ಲಕ್ಷಾಂತರ ಜೀವಿಗಳು ಉಸಿರಾಡುತ್ತವೆ. ಹಗಲು ಹೊರಗಿನ ಏಣುಗಳು ಬೇಗ ಕಾಯುವುದರಿಂದ ಅಲ್ಲಿ ಗಾಳಿ ಮೇಲೇರಿ ನಡುವೆ ಕೆಳಗಿಳಿಯುತ್ತದೆ. ರಾತ್ರಿ ಏಣುಗಳು ಬೇಗ ತಣ್ಣಗಾಗಿ ಗಾಳಿಯ ಸುತ್ತು ತಿರುಗುಮುರುಗಾಗುತ್ತದೆ. ಒಳಗಿನ ಅಗಲವಾದ ಓಣಿಗಳಲ್ಲಿ ಗಾಳಿಯ ಹರಿವು, ಗೋಡೆಯ ಸೂಕ್ಷ್ಮ ರಂಧ್ರಗಳಲ್ಲಿ ವಿಸರಣೆ. ಪುಪ್ಪುಸದ ಮರ್ಮವೇ ಇಲ್ಲಿಯೂ. ಆಫ್ರಿಕದ ಇನ್ನೊಂದು ಜಾತಿಯ ಗೆದ್ದಲಿನ ಗೂಡಿನ ಗೋಡೆಯಲ್ಲಿ ಹಿರಿಯ ರಂಧ್ರ, ಕಿರಿಯ ರಂಧ್ರ ಎರಡೂ ಇದ್ದು, ಮಳೆಯಲ್ಲಿ ನೆನೆದ ಮೇಲೆ ಹಿರಿಯ ರಂಧ್ರಗಳ ನೀರು ಬೇಗ ಬಸಿದುಹೋಗಿ ಗಾಳಿಗೆ ದಾರಿ ಬಿಡುತ್ತವೆಂದು ೨೦೧೯ರ ಒಂದು ಅಧ್ಯಯನ ತೋರಿಸಿದೆ. ನಮ್ಮ ಮೇಷ್ಟ್ರ ಹಳೆಯ ಮಡಕೆಗೆ ಇಲ್ಲದಿದ್ದ ಉಪಾಯ ಗೆದ್ದಲಿಗೆ ತಿಳಿದಿದೆ.

ಅನುಕರಣೆಯಲ್ಲ, ಅರಿವು

ನಿಸರ್ಗವನ್ನು ನೋಡಿ ವಿನ್ಯಾಸ ಮಾಡುವುದೆಂದರೆ ಎಲೆಯ ಚಿತ್ರವನ್ನು ಲೋಹದಲ್ಲಿ ಕೊರೆಯುವುದಲ್ಲ. ಈ ಎಚ್ಚರವನ್ನು ಒತ್ತಿ ಹೇಳುತ್ತ ಬಂದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಪ್ರಾಧ್ಯಾಪಕ ಮಾರ್ಕ್-ಒಲಿವಿಯೆ ಕೊಪೆನ್ಸ್. ಕ್ರಿಯಾವರ್ಧಕದ ಹರಳಿನಲ್ಲಿ ಅಗಲವಾದ ದಾರಿಗಳನ್ನು ಹೇಗೆ ಹಂಚಬೇಕೆಂದು ಅವರ ತಂಡ ೨೦೦೪ರಲ್ಲಿ ಲೆಕ್ಕ ಹಾಕಿತು. ಮರದಂತೆ ಹಂತಹಂತವಾಗಿ ಕವಲೊಡೆಯುವ ಜಾಲವೇ ಎಲ್ಲ ಕಡೆಯೂ ಬೇಕೆಂದೇನೂ ಇಲ್ಲ. ತಕ್ಕ ಅಗಲದ, ತಕ್ಕ ಅಂತರದ ಒಂದೇ ಅಳತೆಯ ದಾರಿಗಳಿದ್ದರೂ ಹೆಚ್ಚುಕಡಿಮೆ ಅಷ್ಟೇ ಫಲ ದೊರೆಯುತ್ತದೆಂದು ಕಂಡುಬಂತು. ಅದೇ ಇಂಧನಕೋಶದ ತಟ್ಟೆಯಲ್ಲಿ ಅನಿಲವನ್ನು ಸಮನಾಗಿ ಹಂಚಬೇಕಾದಾಗ ಪುಪ್ಪುಸದ ಕವಲು ಮಾದರಿಯೇ ಉಪಯುಕ್ತವೆಂದು ೨೦೧೮ರಲ್ಲಿ ಅವರ ತಂಡ ತೋರಿಸಿತು. ಪ್ರಶ್ನೆ ಬೇರೆಯಾದರೆ ಉತ್ತರವೂ ಬೇರೆ. ನಿಸರ್ಗದಿಂದ ಕಲಿಯಬೇಕಾದದ್ದು ಅದರ ಆಕಾರವನ್ನಲ್ಲ, ಆ ಆಕಾರಕ್ಕೆ ಇರುವ ಕಾರಣವನ್ನು.

ಕಾರ್ಖಾನೆಗಳಲ್ಲಿ ಬಳಕೆಯಲ್ಲಿರುವ ರಂಧ್ರಮಯ ವಸ್ತುಗಳಲ್ಲಿ ಜಿಯೋಲೈಟುಗಳು ಪ್ರಸಿದ್ಧವಾದವು. ಸ್ವೀಡನ್ನಿನ ಕ್ರೋನ್‌ಸ್ಟೆಡ್ ೧೭೫೬ರಲ್ಲಿ ಒಂದು ಖನಿಜವನ್ನು ಕಾಯಿಸಿದಾಗ ಅದು ನೀರಾವಿಯನ್ನು ಉಗುಳಿ ಕುದಿಯುವಂತೆ ಕಂಡಿತು; ಅದಕ್ಕೇ ಗ್ರೀಕ್ ಭಾಷೆಯಲ್ಲಿ ‘ಕುದಿಯುವ ಕಲ್ಲು’ ಎಂಬ ಹೆಸರು. ೧೯೬೦ರ ದಶಕದಿಂದ ಕಚ್ಚಾ ತೈಲದ ಭಾರವಾದ ಅಂಶವನ್ನು ಒಡೆದು ಪೆಟ್ರೋಲು ಮಾಡುವುದಕ್ಕೆ ಕೃತಕ ಜಿಯೋಲೈಟುಗಳನ್ನೇ ಬಳಸುತ್ತಾರೆ. ಇವುಗಳ ರಂಧ್ರಗಳು ಒಂದು ನ್ಯಾನೋಮೀಟರಿಗಿಂತಲೂ ಕಿರಿದು. ಯಾವ ಅಣು ಒಳಗೆ ಹೋಗಬೇಕು, ಯಾವುದು ಹೊರಗುಳಿಯಬೇಕು ಎಂಬುದನ್ನು ಜರಡಿಯಂತೆ ನಿರ್ಧರಿಸುತ್ತವೆ. ಅಷ್ಟೇ ಕಿರಿದಾದ್ದರಿಂದ ಅಣುಗಳ ಓಡಾಟ ನಿಧಾನ. ಆದಕಾರಣ ಜಿಯೋಲೈಟಿನೊಳಗೆ ಬೇಕೆಂದೇ ಅಗಲವಾದ ದಾರಿಗಳನ್ನು ಬಿಡುವ ಸಂಶೋಧನೆ ಜಗತ್ತಿನಾದ್ಯಂತ ನಡೆದಿದೆ. ೨೦೧೭ರಲ್ಲಿ ಚೀನಾ ಮತ್ತು ಬೆಲ್ಜಿಯಂ ದೇಶಗಳ ವಿಜ್ಞಾನಿಗಳು ಸೇರಿ, ಸೂಕ್ಷ್ಮ, ಮಧ್ಯಮ, ಬೃಹತ್ ಮೂರೂ ಬಗೆಯ ರಂಧ್ರಗಳನ್ನು ಮರ್ರೆಯ ನಿಯಮದಂತೆ ಜೋಡಿಸಿದ ವಸ್ತುಗಳನ್ನು ತಯಾರಿಸಿ ‘ಮರ್ರೆ ವಸ್ತು’ಗಳೆಂದು ಹೆಸರಿಟ್ಟರು.

೨೦೨೫ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆತದ್ದೂ ರಂಧ್ರಗಳಿಗೇ. ಲೋಹದ ಗಂಟುಗಳನ್ನೂ ಇಂಗಾಲದ ಸಂಯುಕ್ತಗಳ ಕಂಬಿಗಳನ್ನೂ ಜೋಡಿಸಿ, ಮನೆಯ ಕೋಣೆಗಳಂತೆ ಒಳಗೆ ಜಾಗ ಬಿಟ್ಟ ಹರಳುಗಳನ್ನು ಕಟ್ಟಿದ ಜಪಾನಿನ ಸುಸುಮು ಕಿತಗಾವ, ಆಸ್ಟ್ರೇಲಿಯದ ರಿಚರ್ಡ್ ರಾಬ್ಸನ್, ಅಮೆರಿಕದ ಒಮರ್ ಯಾಘಿ ಅವರಿಗೆ ಅದು ಸಂದಿತು. ಇಂತಹ ಹರಳುಗಳಲ್ಲಿ ಗ್ರಾಮಿಗೆ ಹಲವು ಸಾವಿರ ಚದರ ಮೀಟರು ವಿಸ್ತೀರ್ಣವಿರುವುದುಂಟು. ಯಾಘಿಯವರು ಹುಟ್ಟಿದ್ದು ಜೋರ್ಡಾನ್ ದೇಶದ ಅಮ್ಮಾನ್ ನಗರದಲ್ಲಿ, ವಿದ್ಯುತ್ತಾಗಲಿ ನಲ್ಲಿಯ ನೀರಾಗಲಿ ಇಲ್ಲದ ನಿರಾಶ್ರಿತ ಕುಟುಂಬದ ಮನೆಯಲ್ಲಿ. ಮುಂದೆ ಅವರೇ ಮರುಭೂಮಿಯ ಒಣ ಗಾಳಿಯಿಂದ ರಾತ್ರಿ ತೇವವನ್ನು ಹಿಡಿದು ಹಗಲು ಬಿಸಿಲಿನಿಂದ ನೀರು ಇಳಿಸುವ ಹರಳನ್ನು ಅರಿಜೋನಾದ ಮರುಭೂಮಿಯಲ್ಲಿ ಪರೀಕ್ಷಿಸಿ ತೋರಿಸಿದರು. ನೀರಿಗಾಗಿ ಕಾದ ಹುಡುಗನಿಗೇ ಈ ಪ್ರಶ್ನೆ ಹೊಳೆಯಿತೆಂಬುದನ್ನು ನಮ್ಮ ಶಾಲೆಯ ಮಕ್ಕಳು ಗಮನಿಸಬೇಕು.

ನಮ್ಮ ದೇಶವೂ ಹಿಂದೆ ಬಿದ್ದಿಲ್ಲ. ಚೆನ್ನೈನ ಐ.ಐ.ಟಿ.ಯಲ್ಲಿ ಟಿ. ಪ್ರದೀಪ್ ಅವರ ತಂಡ ಸೀಗಡಿ, ಏಡಿಗಳ ಚಿಪ್ಪಿನಿಂದ ದೊರೆಯುವ ಕೈಟೋಸಾನ್ ಎಂಬ ವಸ್ತುವಿನ ಜಾಲದಲ್ಲಿ ಕಬ್ಬಿಣದ ಸಂಯುಕ್ತಗಳ ಸೂಕ್ಷ್ಮ ಕಣಗಳನ್ನು ಕೂರಿಸಿ, ನೀರಿನಿಂದ ಆರ್ಸೆನಿಕ್ ವಿಷವನ್ನು ತೆಗೆಯುವ ಹರಳುಗಳನ್ನು ರೂಪಿಸಿದೆ. ಭುವನೇಶ್ವರದ ಸರ್ಕಾರಿ ಪ್ರಯೋಗಾಲಯವೊಂದು ಕೆಮ್ಮಣ್ಣು, ಹೊಳೆಯ ಮರಳು, ಮರದ ಹೊಟ್ಟು ಕಲಸಿ ಸುಟ್ಟ ‘ಟೆರಾಫಿಲ್’ ಎಂಬ ಬಿಲ್ಲೆಯನ್ನು ಜನರಿಗೆ ಕೊಟ್ಟಿತು. ಆವಿಗೆಯಲ್ಲಿ ಹೊಟ್ಟು ಉರಿದುಹೋದ ಜಾಗವೇ ಅದರಲ್ಲಿ ನೀರಿನ ದಾರಿ.

ತರಗತಿಯಲ್ಲಿ ಮಾಡಬಹುದಾದ ಎರಡು ಪ್ರಯೋಗಗಳು

ಮೊದಲನೆಯದು ರಂಧ್ರಗಳನ್ನು ಅಳೆಯುವುದು. ಚೆನ್ನಾಗಿ ಒಣಗಿದ ಒಂದು ಇಟ್ಟಿಗೆಯನ್ನು ತೂಗಿ. ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ಮೈ ಒರಸಿ ಮತ್ತೆ ತೂಗಿ. ೩ ಕಿಲೋಗ್ರಾಮಿನ ಇಟ್ಟಿಗೆ ೩.೪೫ ಆಯಿತೆಂದುಕೊಳ್ಳಿ; ಹೆಚ್ಚಾದ ೪೫೦ ಗ್ರಾಂ ನೀರಿನ ಗಾತ್ರ ೪೫೦ ಘನ ಸೆಂಟಿಮೀಟರು. ಇಟ್ಟಿಗೆಯ ಉದ್ದ, ಅಗಲ, ಎತ್ತರ ೨೩, ೧೧, ೭ ಸೆಂಟಿಮೀಟರಾದರೆ ಗಾತ್ರ ೧,೭೭೧. ಭಾಗಿಸಿದರೆ ಸುಮಾರು ಶೇಕಡ ೨೫. ಇಟ್ಟಿಗೆಯ ಕಾಲು ಭಾಗ ಬರಿದೇ ಜಾಗವೆಂದಾಯಿತು. ಹೀಗೆಯೇ ಬಳಪದ ಕಡ್ಡಿ, ಹಂಚಿನ ಚೂರು, ಕರಿಕಲ್ಲಿನ ತುಂಡುಗಳನ್ನು ಹೋಲಿಸಿ ನೋಡಿ. ಹೇಮಾವತಿಯಲ್ಲಿ ನೊಳಂಬರ ಕಾಲದ ಕರಿಕಲ್ಲಿನ ಕಂಬಗಳು ಸಾವಿರ ವರ್ಷದ ಮೇಲೂ ಕನ್ನಡಿಯಂತೆ ಹೊಳೆಯುವುದೇಕೆಂಬುದಕ್ಕೆ ಉತ್ತರದ ಒಂದು ಭಾಗ ನಿಮಗ

ೇ ಹೊಳೆಯುತ್ತದೆ.

ಎರಡನೆಯದು ದಾರಿಯನ್ನು ಅಳೆಯುವುದು. ಕುಂಬಾರರ ನೆರವಿನಿಂದ ಒಂದೇ ಮಣ್ಣಿನ, ಒಂದೇ ದಪ್ಪದ ಮೂರು ಬಿಲ್ಲೆಗಳನ್ನು ಸುಡಿಸಿ: ಒಂದು ಬರಿಯ ಮಣ್ಣಿನದು, ಒಂದಕ್ಕೆ ನುಣ್ಣಗೆ ಜರಡಿ ಹಿಡಿದ ಮರದ ಹೊಟ್ಟು, ಇನ್ನೊಂದಕ್ಕೆ ಅಷ್ಟೇ ಅಳತೆಯ ತರಿ ಹೊಟ್ಟು. ಪ್ರತಿಯೊಂದರ ಮೂಲಕ ಗಂಟೆಗೆ ಎಷ್ಟು ನೀರು ಇಳಿಯುತ್ತದೆ, ಕೆಸರು ನೀರು ಎಷ್ಟು ತಿಳಿಯಾಗುತ್ತದೆ ಎಂದು ಬರೆದಿಡಿ. ವೇಗ ಹೆಚ್ಚಾದಲ್ಲಿ ತಿಳಿ ಕಡಿಮೆ, ತಿಳಿ ಹೆಚ್ಚಾದಲ್ಲಿ ವೇಗ ಕಡಿಮೆ ಎಂಬ ಜಗಳ ಕಣ್ಣಿಗೆ ಕಾಣುತ್ತದೆ. ಒಂದು ಎಚ್ಚರಿಕೆ: ಈ ಬಿಲ್ಲೆಗಳಾಗಲಿ ಇದ್ದಲಾಗಲಿ ಫ್ಲೋರೈಡನ್ನು ತೆಗೆಯುವುದಿಲ್ಲ. ಕುದಿಸುವುದರಿಂದಲೂ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನಷ್ಟು ಸಾಂದ್ರವಾಗುತ್ತದೆ. ಫ್ಲೋರೈಡಿನ ಶಂಕೆಯಿರುವ ಕಡೆ ಪರೀಕ್ಷೆ ಮಾಡಿಸಿಯೇ ಕುಡಿಯಬೇಕು. ಶೋಧಕ ಕೂರಿಸಿದ ಮೇಲೂ ಮತ್ತೆ ಮತ್ತೆ ಪರೀಕ್ಷಿಸುತ್ತಿರಬೇಕು. ನಾನು ತಪ್ಪಿದ್ದು ಅಲ್ಲಿಯೇ.

ಕೊನೆಯ ಮಾತು

ಅಂದು ಹಿಟ್ಟನ್ನೆಲ್ಲ ಸುರಿದು, ಅರ್ಧದಿಂದ ಒಂದು ಮಿಲಿಮೀಟರಿನ ಹರಳುಗಳನ್ನು ತುಂಬಿ, ಕೆಳಗೆ ದಪ್ಪ ಮರಳಿನ ಹಾಸು ಕೊಟ್ಟು, ನಲ್ಲಿಯನ್ನು ಸಣ್ಣಗೆ ಬಿಗಿದೆ. ನೀರು ನಿಧಾನವಾಗಿ, ಆದರೆ ನಿಲ್ಲದೆ ಇಳಿಯಿತು. ಪರೀಕ್ಷೆಯಲ್ಲಿ ಫ್ಲೋರೈಡು ಲೀಟರಿಗೆ ೧ ಮಿಲಿಗ್ರಾಮಿನ ಒಳಗೆ ಬಂತು. ಹರಳುಗಳ ಶಕ್ತಿ ಕುಂದಿದಾಗಲೆಲ್ಲ ಅವುಗಳನ್ನು ಶುದ್ಧಿಗೊಳಿಸಲು ನಾನೇ ಹೋಗುತ್ತಿದ್ದೆ. ಆ ಮಗುವಿಗೆ ಏಳು ವರ್ಷವಾಗಿ ಮುಂದಿನ ಹಲ್ಲುಗಳು ಹೊರಬಂದಾಗ ಎರಡರ ಮೇಲೆ ತೆಳುವಾದ ಕಂದು ಗೆರೆ ಇತ್ತು. ಹುಟ್ಟಿದಾಗಿನಿಂದ ಕುಡಿದ ನೀರಿನ ಫಲ ಅದು, ಮೂರು ತಿಂಗಳದ್ದಷ್ಟೇ ಅಲ್ಲ ಎಂದು ದಂತವೈದ್ಯರು ಸಮಾಧಾನ ಹೇಳಿದರು. ನಾನು ಸಮಾಧಾನಗೊಂಡಿಲ್ಲ. ಆಕೆ ಇಂದು ತಾನೇ ಶಿಕ್ಷಕಿ. ತರಗತಿಯಲ್ಲಿ ಕುಡಿಯುವ ನೀರಿನ ಪಾಠ ಬಂದಾಗ ನಕ್ಕು ತನ್ನ ಹಲ್ಲನ್ನೇ ಮಕ್ಕಳಿಗೆ ತೋರಿಸುತ್ತಾಳಂತೆ.

ಇನ್ನು ಶಾಲೆಯ ಮಾತು. ನಮ್ಮ ಊರುಗಳ ಮೇಲೆ ಆಡಳಿತದ ಗೆರೆಗಳು ಹಲವು ಸಲ ಎಳೆಯಲ್ಪಟ್ಟಿವೆ. ೧೯೫೩ರಲ್ಲಿ ಆಂಧ್ರ ರಾಜ್ಯವಾದಾಗ ರಾಯದುರ್ಗ ತಾಲ್ಲೂಕು ಬಳ್ಳಾರಿಯಿಂದ ಬೇರೆಯಾಗಿ ಅನಂತಪುರ ಜಿಲ್ಲೆಗೆ ಬಂತು. ೨೦೨೨ರಲ್ಲಿ ಮಡಕಶಿರಾ ಆ ಜಿಲ್ಲೆಯನ್ನು ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಗೆರೆ ಎಲ್ಲಿ ಬಿದ್ದರೂ ವೇದಾವತಿ ಕರ್ನಾಟಕದಿಂದ ಇತ್ತ ಹರಿದು ಮತ್ತೆ ಅತ್ತ ಹೋಗಿ ತುಂಗಭದ್ರೆಯನ್ನು ಕೂಡುತ್ತಾಳೆ. ನಮ್ಮ ಮನೆಗಳ ಕನ್ನಡವೂ ತೆಲುಗೂ ಹೀಗೆಯೇ ಒಂದರೊಳಗೊಂದು ಹರಿದಾಡಿವೆ. ಅದರಿಂದ ಯಾರಿಗೂ ನಷ್ಟವಾಗಿಲ್ಲ.

ನಷ್ಟವಾಗುವುದು ದಾರಿ ಮುಚ್ಚಿದಾಗ. ಒಂದು ಹಳ್ಳಿಯ ಮಗು ತಾಯಿನುಡಿಯಲ್ಲಿ ಪ್ರಶ್ನೆ ಕೇಳಿ, ಅದೇ ನುಡಿಯಲ್ಲಿ ಉತ್ತರ ಪಡೆದು, ಅಲ್ಲಿಂದ ತೆಲುಗಿಗೆ, ಇಂಗ್ಲಿಷಿಗೆ, ದೊಡ್ಡ ವಿದ್ಯೆಗೆ ಸಾಗಬೇಕು. ಹೆದ್ದಾರಿ ಎಷ್ಟೇ ಅಗಲವಾಗಿದ್ದರೂ ಮನೆಯ ಬಾಗಿಲಿನವರೆಗೆ ಬರುವ ಓಣಿ ಮುಚ್ಚಿದರೆ ಆ ಮನೆಗೆ ಅದು ಇದ್ದೂ ಇಲ್ಲದಂತೆ. ಐವತ್ತು ವರ್ಷ ನಮ್ಮ ಶಾಲೆ ಆ ಕೊನೆಯ ಓಣಿಯಾಗಿ ನಿಂತಿದೆ. ತರಗತಿಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆಯೆಂದು ಶಿಕ್ಷಕ ಮಿತ್ರರು ಹೇಳುವಾಗ ನನಗೆ ಮೇಷ್ಟ್ರ ಹಳೆಯ ಮಡಕೆ ನೆನಪಾಗುತ್ತದೆ. ಉಪ್ಪು ಒಂದೇ ದಿನದಲ್ಲಿ ಕಟ್ಟುವುದಿಲ್ಲ. ಹೊತ್ತಿಗೆ ಸರಿಯಾಗಿ ತಿಕ್ಕಿ ತೊಳೆದರೆ ಮಡಕೆ ಇನ್ನೂ ಬಹಳ ಕಾಲ ನೀರನ್ನು ತಂಪಾಗಿ ಇಡಬಲ್ಲದು. ಹಳೆಯ ವಿದ್ಯಾರ್ಥಿಗಳಾದ ನಾವು ವರ್ಷಕ್ಕೊಮ್ಮೆಯಾದರೂ ಬಂದು ಒಂದೊಂದು ಪಾಠವನ್ನು ಕನ್ನಡದಲ್ಲಿ ಹೇಳಿಕೊಡೋಣ. ಮೇಲಿನ ಎರಡು ಪ್ರಯೋಗಗಳಿಗೆ ಬೇಕಾದ ತಕ್ಕಡಿಯನ್ನೂ ಬಿಲ್ಲೆಗಳನ್ನೂ ನಾನು ಈ ವರ್ಷವೇ ತಂದುಕೊಡುತ್ತೇನೆ.